ನಾಲ್ಕು ಊರು, ನಾಲ್ಕು ಹಾಳೆ, ಒಂದು ಕರ್ಸರ್

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಒಂದೇ ಜಿಲ್ಲೆಯ ಊರುಗಳಾದರೂ ಸರ್ವೆ ಆಫ್ ಇಂಡಿಯಾದ ಹಳೆಯ 1:50,000 ಟೋಪೋ ಶೀಟುಗಳಲ್ಲಿ ಒಂದೊಂದು ಒಂದೊಂದು ಹಾಳೆಯಲ್ಲಿವೆ. ಗದಗ 48ಎಂ/11, ಲಕ್ಷ್ಮೇಶ್ವರ 48ಎಂ/8, ಶಿರಹಟ್ಟಿ 48ಎಂ/12, ಮುಂಡರಗಿ 48ಎಂ/16. ಇವನ್ನು ಸ್ಕ್ಯಾನ್ ಮಾಡಿ, ಮೌಸ್ ಒತ್ತಿದ ಜಾಗದ ಅಕ್ಷಾಂಶ ರೇಖಾಂಶ ಹೇಳುವ ಫೋರ್ಟ್ರಾನ್ ಪ್ರೋಗ್ರಾಂ ಬರೆಯುವಷ್ಟು ರುಚಿಯ ಕಸರತ್ತು ಇನ್ನೊಂದಿಲ್ಲ.

ಕರ್ಸರಿಗೆ ಊರು ಗೊತ್ತಿಲ್ಲ, ಪರದೆಯ ಚುಕ್ಕೆ ಗೊತ್ತು. ಹೆಲ್ಮುಟ್ ಮಿಶೆಲ್ಸ್ ಬರೆದ ಡಿಸ್ಲಿನ್ ಲೈಬ್ರರಿಯಲ್ಲಿ ಸಿಎಸ್‌ಆರ್‌ಪಿಟಿ1 ಕರೆದರೆ, ಒತ್ತಿದ ಜಾಗ ಪುಟದ ಅಳತೆಯಲ್ಲಿ ಸಿಗುತ್ತದೆ. ಅಡ್ಡ ಎ4 ಪುಟ ಅಲ್ಲಿ 2970ಕ್ಕೆ 2100. ಎಣಿಕೆ ಎಡಗಡೆಯ ಮೇಲಿನ ಮೂಲೆಯಿಂದ ಕೆಳಕ್ಕೆ. ಅಕ್ಷಾಂಶವೋ ಮೇಲಕ್ಕೆ ಏರುತ್ತದೆ. ಈ ತಿರುವು ಮುರುವನ್ನು ಎಕ್ಸ್‌ಇನ್‌ವರ್ಸ್, ವೈಇನ್‌ವರ್ಸ್ ಎಂಬೆರಡು ಫಂಕ್ಷನ್‌ಗಳು ನೋಡಿಕೊಳ್ಳುತ್ತವೆ. ಕ್ಯಾಲ್ಟೆಕ್‌ನ ಟಿಮ್ ಪಿಯರ್‌ಸನ್ ಅವರ ಪಿಜಿಪ್ಲಾಟ್ ಒಂದೇ ಏಟಿಗೆ ನಕ್ಷೆಯ ಅಳತೆಯನ್ನೇ ಕೊಟ್ಟುಬಿಡುತ್ತದೆ. ಸುಲಭವೇನೋ ಹೌದು, ಆದರೆ ನನ್ನ ಮತ ಡಿಸ್ಲಿನ್‌ಗೆ: ಎರಡು ಮೆಟ್ಟಿಲಿದ್ದರೆ ಎಲ್ಲಿ ಎಡವಿದೆವೆಂದು ತಿಳಿಯುತ್ತದೆ.

ಪರಿವರ್ತನೆಯನ್ನು ತಾವೇ ಬರೆಯುವವರು ಜಾರುವುದು ಭಾಗಾಕಾರದಲ್ಲಿ. ಘೋಷಣೆ ಇಲ್ಲದಿದ್ದರೆ ಐ ಇಂದ ಎನ್ ವರೆಗಿನ ಅಕ್ಷರಗಳಿಂದ ಶುರುವಾಗುವ ಹೆಸರೆಲ್ಲ ಫೋರ್ಟ್ರಾನಿಗೆ ಪೂರ್ಣಾಂಕ. 300ನ್ನು 1200ರಿಂದ ಭಾಗಿಸಿದರೆ ಕಾಲು ಬರುವುದಿಲ್ಲ, ಸೊನ್ನೆ ಬರುತ್ತದೆ. ಆಗ ಶಿರಹಟ್ಟಿ ಪೇಟೆಯ ಮೇಲೆ ಒತ್ತಿದರೂ ಹಾಳೆಯ ಪಶ್ಚಿಮ ಅಂಚಿನ 75°30′ ಎಂದೇ ಉತ್ತರ! ಭಾಗಿಸುವ ಮೊದಲು ಒಂದು ‘ರಿಯಲ್’ ಹಾಕಿದರೆ ಸಾಕು, ಊರು ತನ್ನ ಜಾಗಕ್ಕೆ ಬರುತ್ತದೆ.

ಇನ್ನೊಂದು ಸೂಕ್ಷ್ಮ. ಹಾಳೆ ಎರಡೂ ದಿಕ್ಕಿಗೆ 15 ಮಿನಿಟಿನದೇ, ಆದರೂ ಚೌಕವಲ್ಲ. ನಮ್ಮ ಅಕ್ಷಾಂಶದಲ್ಲಿ ಅಗಲ ಸುಮಾರು 53.7 ಸೆಂ.ಮೀ., ಎತ್ತರ 55.3 ಸೆಂ.ಮೀ. ಎರಡಕ್ಕೂ ಒಂದೇ ಗುಣಕ ಹಚ್ಚಿದರೆ ಹಾಳೆಯ ತುದಿಯಲ್ಲಿ ಮುಕ್ಕಾಲು ಕಿಲೋಮೀಟರಿನಷ್ಟು ವ್ಯತ್ಯಾಸ. ಸ್ಕ್ಯಾನ್ ಕೊಂಚ ಓರೆಯಾಗಿದ್ದರೆ ಆರು ಗುಣಾಂಕಗಳ ಸಮೀಕರಣ ಬೇಕು. ಅದಕ್ಕೆ ಮೂರು ಮೂಲೆ ಸಾಕು, ನಾಲ್ಕನೆಯದನ್ನು ತಾಳೆ ನೋಡಲು ಇಟ್ಟುಕೊಳ್ಳಿ. ಹಳೆಯ ಹಾಳೆಗಳ ಲೆಕ್ಕ ಎವರೆಸ್ಟ್ ಗೋಳಾಭದ್ದು, ಮೊಬೈಲಿನ ಜಿಪಿಎಸ್‌ನದು ಡಬ್ಲ್ಯುಜಿಎಸ್84. ಎರಡನ್ನೂ ಬೆರೆಸಬೇಡಿ.

ಬರೆದದ್ದು ಸರಿಯೋ ಎಂದು ನೋಡಲು ನಮ್ಮ ಜಿಲ್ಲೆಯಲ್ಲೇ ಒಂದು ಬಿಂದುವಿದೆ: 15°15′ ಉತ್ತರ, 75°30′ ಪೂರ್ವ. ಗದಗ ಹಾಳೆಯ ನೈಋತ್ಯ, ಶಿರಹಟ್ಟಿಯದರ ವಾಯವ್ಯ, ಲಕ್ಷ್ಮೇಶ್ವರದ್ದರ ಈಶಾನ್ಯ ಮೂಲೆಗಳು ಕೂಡುವುದು ಅಲ್ಲಿಯೇ. ಮೂರೂ ಹಾಳೆಗಳಲ್ಲಿ ಆ ಮೂಲೆಯನ್ನು ಒತ್ತಿ ನೋಡಿ. ಉತ್ತರ ಒಂದೇ ಬಾರದಿದ್ದರೆ ಮುಂಡರಗಿಯ ಹಾಳೆಗೆ ಕೈಹಾಕಬೇಡಿ.