ದತ್ತು ಮನೆಗಳಲ್ಲಿ ವೈದ್ಯಕೀಯ ಪಾಠ

ಎಂಬಿಬಿಎಸ್ ವಿದ್ಯಾರ್ಥಿ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯದ ಮೇಲೆ ಕಣ್ಣಿಡಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ಮಾಡಿ ಕೆಲವು ವರ್ಷಗಳಾದವು. ಇದರ ಬೇರು ವಾರ್ಧಾ ಬಳಿಯ ಸೇವಾಗ್ರಾಮದಲ್ಲಿದೆ. ಡಾ. ಸುಶೀಲಾ ನಾಯರ್ 1969ರಲ್ಲಿ ಅಲ್ಲಿ ಕಟ್ಟಿದ ಕಾಲೇಜಿನಲ್ಲಿ ಹೊಸಬರು ಮೊದಲು ಗಾಂಧಿ ಆಶ್ರಮದಲ್ಲಿ ಹದಿನೈದು ದಿನ ಇರುತ್ತಾರೆ. ಆಮೇಲೆ ಹಳ್ಳಿಯ ಶಿಬಿರ: ಇಡೀ ಬ್ಯಾಚಿಗೆ ಒಂದು ಹಳ್ಳಿ, ಒಬ್ಬೊಬ್ಬರಿಗೆ ಕೆಲವೇ ಮನೆಗಳು. ಶಿಬಿರ ಮುಗಿದ ಮೇಲೂ ಆ ಮನೆಗಳಿಗೆ ಹೋಗಿಬರುವುದು ನಿಲ್ಲುವುದಿಲ್ಲ.

ಈ ಕ್ರಮದ ಬೆಲೆ ತಿಳಿಯಬೇಕಾದರೆ ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿಯನ್ನು ನೆನೆದರೆ ಸಾಕು. ಒಪಿಡಿಯಲ್ಲಿ ಆಕೆ ಒಂದು ಚೀಟಿ, ಒಂದು ರಕ್ತಪರೀಕ್ಷೆಯ ಅಂಕಿ. ಗುಳಿಗೆ ಬರೆದರೆ ಆಯಿತು, ಮುಂದಿನವರು ಬನ್ನಿ. ಮನೆಗೆ ಹೋದವನಿಗೆ ಬೇರೆಯೇ ಕಾಣುತ್ತದೆ: ತಿಂಗಳ ಗುಳಿಗೆ ಎರಡು ತಿಂಗಳು ಬರಲೆಂದು ಆಕೆ ಅರ್ಧರ್ಧ ಮಾಡಿ ನುಂಗುತ್ತಿದ್ದಾಳೆ, ಕಾಲಿನ ಗಾಯವನ್ನು ಯಾರಿಗೂ ತೋರಿಸಿಲ್ಲ, ಆಸ್ಪತ್ರೆಗೆ ಹೋದರೆ ಮಗನ ಒಂದು ದಿನದ ಕೂಲಿ ಹೋಗುತ್ತದೆ. ಇಂಥದ್ದು ಒಂದೇ ಭೇಟಿಯಲ್ಲಿ ಹೊರಬೀಳುವುದಿಲ್ಲ. ಮೂರನೆಯ ಸಲ ಹೋದಾಗ, ನಂಬಿಕೆ ಹುಟ್ಟಿದ ಮೇಲೆ, ಆಕೆಯೇ ಹೇಳುತ್ತಾಳೆ. ಪ್ರಾಥಮಿಕ ಆರೋಗ್ಯ ಸೇವೆಯ ಕಸುಬೆಂದರೆ ಬಹುಪಾಲು ಇದೇ.

ದೇಶದ ಎಲ್ಲ ಕಾಲೇಜುಗಳಿಗೂ ಇದನ್ನು ಹರಡುವಾಗ ಸೇವಾಗ್ರಾಮದ ಹೊರರೂಪ ಮಾತ್ರ ಬಂದಿದೆ ಎಂಬುದು ನನ್ನ ತಕರಾರು. ಬಸ್ಸಿನಲ್ಲಿ ಹೋಗಿ, ಬಿಪಿ ನೋಡಿ, ಲಾಗ್‌ಬುಕ್ ತುಂಬಿ, ಸಹಿ ಹಾಕಿಸಿಕೊಂಡು ಬಂದರೆ ನಿಯಮ ಪಾಲಿಸಿದಂತಾಯಿತು. ವಿದ್ಯಾರ್ಥಿಗಳನ್ನು ದೂರಿ ಫಲವಿಲ್ಲ. ಅವರ ಮುಂದಿನ ಬದುಕನ್ನು ತೀರ್ಮಾನಿಸುವುದು ನೀಟ್ ಪಿಜಿಯ 200 ಬಹುಆಯ್ಕೆ ಪ್ರಶ್ನೆಗಳು. ಅಜ್ಜಿ ಗುಳಿಗೆ ಏಕೆ ಮುರಿದಳು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಇನ್ನು ಈ ಕಸುಬನ್ನು ದಿನವೂ ಮಾಡುವ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಕಾಲೇಜಿನಲ್ಲಿ ಗುರುವಿನ ಸ್ಥಾನವೇ ಇಲ್ಲ. ಊರಿನ ಒಳಹೊರಗು ಬಲ್ಲ ಆಶಾ ಕಾರ್ಯಕರ್ತೆ ದಾರಿ ತೋರಿಸುವುದಕ್ಕಷ್ಟೇ ಬೇಕು.

ಕರ್ನಾಟಕ 2012ರ ಕಾಯ್ದೆಯಿಂದ ಹೊಸ ವೈದ್ಯರಿಗೆ ಒಂದು ವರ್ಷದ ಕಡ್ಡಾಯ ಸೇವೆ ತಂದಿತು. ಕಾಯ್ದೆ ಹಳ್ಳಿಗೆ ಕಳಿಸಬಲ್ಲದು, ಕಲಿಸಲಾರದು. ಕಲಿಸುವ ಅವಕಾಶ ಇರುವುದು ಈ ದತ್ತು ಮನೆಗಳಲ್ಲಿ. ನಮ್ಮ ವೈದ್ಯಕೀಯ ವಿಶ್ವವಿದ್ಯಾಲಯ ಮನಸ್ಸು ಮಾಡಲಿ: ಅವೇ ಮನೆಗಳನ್ನು ಇಂಟರ್ನ್‌ಶಿಪ್ ಮುಗಿಯುವವರೆಗೆ ವಿದ್ಯಾರ್ಥಿಯ ಕೈಯಲ್ಲೇ ಬಿಡಲಿ, ವೈದ್ಯಾಧಿಕಾರಿಯನ್ನು ಗೌರವಧನ ಕೊಟ್ಟು ಬೋಧಕರನ್ನಾಗಿ ಮಾಡಲಿ, ಅಂತಿಮ ಪ್ರಾಯೋಗಿಕ ಪರೀಕ್ಷೆಯಲ್ಲಿ ಆ ಕುಟುಂಬದ ಬಗ್ಗೆಯೇ ಪ್ರಶ್ನೆ ಕೇಳಲಿ.