ಒತ್ತಕ್ಷರ ಕೂರದ ಚೌಕ

ದಕ್ಷಿಣ ಬೆಂಗಳೂರಿನ ಡಿಸೈನ್ ವಿದ್ಯಾರ್ಥಿಗಳು ಮಾಡುವ ಪೋಸ್ಟರುಗಳಲ್ಲಿ ಜಯನಗರ, ಬನಶಂಕರಿ, ಬಸವನಗುಡಿ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಕತ್ರಿಗುಪ್ಪೆ, ಇಟ್ಟಮಡು, ಪುಟ್ಟೇನಹಳ್ಳಿ ಅಷ್ಟಾಗಿ ಬರುವುದಿಲ್ಲ. ಹಳೆಯ ಬಡಾವಣೆ, ಸಾಲುಮರ, ಹಬೆಯಾಡುವ ಕಾಫಿ ಇವುಗಳ ಸೆಳೆತ ಒಂದು ಕಾರಣ ಇರಬಹುದು. ಇನ್ನೊಂದು ಕಾರಣ ಕಣ್ಣೆದುರಿಗೇ ಇದೆ: ಮೊದಲ ಮೂರು ಹೆಸರುಗಳಲ್ಲಿ ಒಂದೇ ಒಂದು ಒತ್ತಕ್ಷರ ಇಲ್ಲ. ಜಯನಗರಕ್ಕಂತೂ ಗುಡಿಸು, ಕೊಂಬು ಯಾವುದೂ ಬೇಡ. ಐದು ಚೌಕ ಬರೆದು ಒಂದೊಂದರಲ್ಲಿ ಒಂದೊಂದು ಅಕ್ಷರ ಕೂರಿಸಿದರೆ ಪೋಸ್ಟರು ಅರ್ಧ ಮುಗಿದ ಹಾಗೆ. ಕತ್ರಿಗುಪ್ಪೆಯಲ್ಲಿ ಅದು ಆಗುವುದಿಲ್ಲ. ‘ತ್ರಿ’ಯ ರಕಾರ ಚೌಕದಿಂದ ಕೆಳಕ್ಕೆ ಇಳಿಯುತ್ತದೆ, ‘ಪ್ಪೆ’ಯಲ್ಲಿ ಏತ್ವ ಮೇಲೆ ಚಾಚಿದರೆ ಒತ್ತು ಕೆಳಗೆ ಚಾಚುತ್ತದೆ. ಅಷ್ಟು ಹೊತ್ತು ಅಂದವಾಗಿ ಕಂಡಿದ್ದ ಗ್ರಿಡ್ಡು ಒಂದೇ ಊರಿನ ಹೆಸರಿಗೆ ಮುಗ್ಗರಿಸುತ್ತದೆ.

ವರ್ಷಾಂತ್ಯದ ಪ್ರದರ್ಶನಗಳಲ್ಲಿ ಗೋಡೆಗೆ ಅಂಟಿಸಿದ ಕೆಲಸಗಳನ್ನು ನೋಡುವಾಗ ನಾನು ಹುಡುಕುವುದು ಈ ಮುಗ್ಗರಿಸಿದ ಜಾಗವನ್ನು. ಹೆಚ್ಚಿನ ಪಾಲು ಸಿಗುವುದಿಲ್ಲ. ಎಡವಟ್ಟಾದ ಪುಟಗಳು ಪ್ರೊಸೆಸ್ ಬುಕ್ಕಿನಿಂದಲೇ ಮಾಯವಾಗಿರುತ್ತವೆ, ಉಳಿದಿರುವುದು ಮೊದಲಿಂದಲೂ ಹೀಗೇ ಆಗಬೇಕಿತ್ತೇನೋ ಎಂಬಂತೆ ಕಾಣುವ ನಯವಾದ ಫಲಿತಾಂಶ. ತಂತ್ರದ ಮಟ್ಟಿಗೆ ಈ ಹುಡುಗ ಹುಡುಗಿಯರು ಬಲು ಚುರುಕು. ಲಿನೋಕಟ್, ಸ್ಟಾಪ್-ಮೋಷನ್, ಸಯನೋಟೈಪ್, ಡಬಲ್ ಎಕ್ಸ್‌ಪೋಶರ್, ಅಕ್ಷರ ವಿನ್ಯಾಸ, ಎಲ್ಲವನ್ನೂ ಒಂದೆರಡು ವರ್ಷದೊಳಗೆ ಮುಟ್ಟಿ ನೋಡಿರುತ್ತಾರೆ. ಆದರೆ ಕೈಗೆ ಬಂದ ತಂತ್ರಕ್ಕೆ ಎದುರಾಡುವ ವಸ್ತುವನ್ನು ಆರಿಸಿಕೊಳ್ಳುವವರು ಕಡಿಮೆ. ಜಯನಗರ ಎದುರಾಡುವುದಿಲ್ಲ, ಅದಕ್ಕೇ ಜಯನಗರ.

ಮಾಡ್ಯುಲರ್ ಅಕ್ಷರ ಎಂಬ ಅಭ್ಯಾಸವನ್ನೇ ತೆಗೆದುಕೊಳ್ಳಿ. ವೃತ್ತ, ಕಾಲು ವೃತ್ತ, ಚೌಕ, ಇಷ್ಟನ್ನೇ ಜೋಡಿಸಿ ಇಡೀ ಅಕ್ಷರಮಾಲೆ ಕಟ್ಟುವುದು. 1920ರ ದಶಕದಲ್ಲಿ ಜರ್ಮನಿಯ ಬೌಹೌಸ್ ಶಾಲೆಯಲ್ಲಿದ್ದ ಜೋಸೆಫ್ ಆಲ್ಬರ್ಸ್ ರೋಮನ್ ಅಕ್ಷರಗಳನ್ನು ಹೀಗೆ ಕಟ್ಟಿ ತೋರಿಸಿದರು. ಆಮೇಲೆ ಅದು ಲೋಕದ ಹಲವು ಡಿಸೈನ್ ಶಾಲೆಗಳ ಪಾಠವಾಯಿತು. ರೋಮನ್ ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ, ಹಾಗಾಗಿ ಅಲ್ಲಿ ಪಾಠ ಸಲೀಸು. ಕನ್ನಡದ ಅಕ್ಷರ ನಿಂತಲ್ಲಿ ನಿಲ್ಲುವುದಿಲ್ಲ. ತಲೆಕಟ್ಟಿನ ಜಾಗಕ್ಕೆ ಗುಡಿಸು ಏರುತ್ತದೆ, ಬಲಕ್ಕೆ ದೀರ್ಘ ಚಾಚುತ್ತದೆ, ಕೆಳಗೆ ಒತ್ತು ತೂಗುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಎರಡು ಒತ್ತು, ಒಂದು ಗುಡಿಸು, ಒಂದು ದೀರ್ಘ. ಆಲ್ಬರ್ಸ್ ಪೆಟ್ಟಿಗೆಯನ್ನು ಹಾಗೇ ಎತ್ತಿ ತಂದು ಇದರ ಮುಂದೆ ಇಟ್ಟರೆ ಎರಡೇ ದಾರಿ: ಪೆಟ್ಟಿಗೆ ಒಡೆಯಬೇಕು, ಇಲ್ಲವೇ ಒತ್ತಕ್ಷರ ಇರುವ ಪದಗಳನ್ನೇ ಬಿಡಬೇಕು. ಪೋರ್ಟ್‌ಫೋಲಿಯೊಗೆ ಎರಡನೆಯದು ಸುಲಭ. ಬಿಟಿಎಂ ಲೇಔಟಿನ ಹುಡುಗರು ಮೂರನೆಯ ದಾರಿ ಹಿಡಿಯುತ್ತಾರೆ, ಪೋಸ್ಟರನ್ನು ಇಂಗ್ಲಿಷಿನಲ್ಲೇ ಮಾಡಿಬಿಡುತ್ತಾರೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರೂ ಮೂರು ರೋಮನ್ ಅಕ್ಷರದೊಳಗೆ ಅಡಗಿ ಕೂತ ಮೇಲೆ ಒತ್ತಿನ ತಂಟೆಯೇ ಇಲ್ಲ.

ಕಂಪ್ಯೂಟರು ಈ ತಂಟೆಯನ್ನು ಇನ್ನೊಂದು ಬಗೆಯಲ್ಲಿ ತಂದಿಡುತ್ತದೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ, ಇನ್‌ಡಿಸೈನಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಹಾಕಿಕೊಳ್ಳದಿದ್ದರೆ ಯೂನಿಕೋಡ್ ಕನ್ನಡ ಮುರಿದು ಬೀಳುತ್ತದೆ. ಕತ್ರಿಗುಪ್ಪೆ ‘ಕತ್‌ರಿಗುಪ್‌ಪೆ’ ಆಗಿ ಪರದೆಯ ಮೇಲೆ ಕೂರುತ್ತದೆ. ಕನ್ನಡ ಓದುವವರಿಗೆ ತಕ್ಷಣ ಕಣ್ಣಿಗೆ ಚುಚ್ಚುವ ತಪ್ಪು ಇದು. ಆದರೂ ಅಚ್ಚಾಗಿ ಫ್ಲೆಕ್ಸ್ ಮೇಲೆ, ಮದುವೆಯ ಕರೆಯೋಲೆಯ ಮೇಲೆ, ಒಮ್ಮೊಮ್ಮೆ ವಿದ್ಯಾರ್ಥಿಗಳ ಕೆಲಸದಲ್ಲೂ ಕಾಣುತ್ತದೆ. ಯಾಕೆಂದರೆ ಬಹಳ ಮಂದಿಗೆ ಅಕ್ಷರ ಒಂದು ಚಿತ್ರ, ಮಾತಾಡುವಾಗ ಬಾಯಿಗೆ ಬರುವ ಸದ್ದಲ್ಲ. ತಮ್ಮದೇ ಪೋಸ್ಟರನ್ನು ಒಮ್ಮೆ ಗಟ್ಟಿಯಾಗಿ ಓದಿದ್ದರೆ ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಹಳೆಯ ಕಾಲದವರು ಈ ಸಿಕ್ಕನ್ನು ಬಿಡಿಸಿದ ರೀತಿ ನೋಡುವಂಥದ್ದು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ತಂದಾಗ ಅದು ಕಲ್ಲಚ್ಚಿನಲ್ಲಿ ಬಂತು. ಕಲ್ಲಚ್ಚಿನಲ್ಲಿ ಕೈಬರಹವೇ ಅಚ್ಚಾಗುವುದರಿಂದ ಒತ್ತು ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯುತ್ತಿತ್ತು. ಬೋರ್ಡು ಬರೆಯುವವರದೂ ಇದೇ ಬುದ್ಧಿ. ದಾರಕ್ಕೆ ಸೀಮೆಸುಣ್ಣ ಬಳಿದು ಎಳೆದು ಹೊಡೆದ ಗೆರೆಗಳ ಕೆಳಗೆ ಒತ್ತಿಗೆಂದೇ ಜಾಗ ಬಿಟ್ಟುಕೊಳ್ಳುತ್ತಾರೆ, ಅಕ್ಷರದ ಅಗಲ ಆಮೇಲಿನ ಲೆಕ್ಕ. ಈಗ ಅಂಗಡಿ ನಾಮಫಲಕಗಳಲ್ಲಿ ಕನ್ನಡ ಶೇ. 60ರಷ್ಟು ಇರಬೇಕು, ಮೇಲ್ಭಾಗದಲ್ಲೇ ಇರಬೇಕು ಎಂಬ ನಿಯಮ 2024ರ ತಿದ್ದುಪಡಿಯಿಂದ ಗಟ್ಟಿಯಾಗಿದೆ. ಒಳ್ಳೆಯದೇ. ಆದರೆ ಜಯನಗರ 4ನೇ ಬ್ಲಾಕಿನ ಸುತ್ತ ಒಮ್ಮೆ ಕತ್ತೆತ್ತಿ ನಡೆದು ನೋಡಿ. ಇಂಗ್ಲಿಷ್ ಲೋಗೊವನ್ನು ಮುಟ್ಟದೆ ಬಿಟ್ಟು, ಇದ್ದ ಯಾವುದೋ ಫಾಂಟನ್ನು ಎಡಕ್ಕೂ ಬಲಕ್ಕೂ ಜಗ್ಗಿ ಅಗಲ ತುಂಬಿಸಿದ ಬೋರ್ಡುಗಳು ಎಷ್ಟು ಬೇಕಾದರೂ ಸಿಗುತ್ತವೆ. ನಿಂತ ಗೆರೆ ದಪ್ಪ, ಮಲಗಿದ ಗೆರೆ ತೆಳು, ಸೊನ್ನೆ ಹೋಗಿ ಬದನೆಕಾಯಿ. ಕಾನೂನಿಗೆ ಅಳತೆ ಸಿಕ್ಕಿತು, ಅಕ್ಷರಕ್ಕೆ ಆಕಾರ ಸಿಗಲಿಲ್ಲ. ಡಿಸೈನ್ ಕಲಿಯುವವರಿಗೆ ಇದಕ್ಕಿಂತ ಹತ್ತಿರದ, ಇದಕ್ಕಿಂತ ಜರೂರಿನ ಪ್ರಾಜೆಕ್ಟು ಬೇರೆ ಬೇಕೆ? ಕ್ಯಾಮೆರಾ ಹಿಡಿದ ವಿದ್ಯಾರ್ಥಿಗಳು ಮಾತ್ರ ಇದನ್ನು ದಾಟಿ ಗಾಂಧಿ ಬಜಾರಿಗೆ ಹೋಗಿ 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನ ಹೋಟೆಲಿನ ಬೋರ್ಡಿನ ಮುಂದೆ ನಿಲ್ಲುತ್ತಾರೆ. ದೋಸೆಗಾಗಿ ನಿಂತರೆ ನನ್ನ ತಕರಾರಿಲ್ಲ.

ಎಲ್ಲ ಅಕ್ಷರ ಪ್ರಯೋಗವೂ ಹೀಗೆ ಸೋತಿಲ್ಲ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ ‘ಅಕಾಯ ಕನಡಕ’ ಗೂಗಲ್ ಫಾಂಟ್ಸ್‌ನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಫಾಂಟು. ತೆಲುಗಿಗೆ ಅದರದೇ ಜೋಡಿ ‘ಅಕಾಯ ತೆಲಿವಿಗಾಲ’ ಇದೆ. ಅಕಾಯ ತನ್ನನ್ನು ಪ್ರಯೋಗ ಎಂದೇ ಕರೆದುಕೊಳ್ಳುತ್ತದೆ. ದಪ್ಪ-ಸಣ್ಣ ಎಂದು ಹಲವು ತೂಕಗಳಿಲ್ಲ, ಒಂದೇ ತೂಕ. ಗೆರೆಗೆ ಕೈಬರಹದ ಏರುಪೇರು ಇದೆ. ನನಗೆ ಇದರಲ್ಲಿ ಮೆಚ್ಚಿಗೆಯಾಗುವುದು ಚೆಲುವಿಗಿಂತ ಹೆಚ್ಚಾಗಿ ಹೊಣೆ. ಫಾಂಟು ಎಂದ ಮೇಲೆ ತನಗೆ ಬೇಕಾದ ಐದು ಅಕ್ಷರ ಬರೆದು ಕೈ ತೊಳೆದುಕೊಳ್ಳುವಂತಿಲ್ಲ. ಯಾರೋ ಗೊತ್ತಿಲ್ಲದವರು ನಾಳೆ ‘ಸ್ವಾತಂತ್ರ್ಯ’ ಎಂದು ಟೈಪಿಸುತ್ತಾರೆ, ಅದಕ್ಕೂ ಸಿದ್ಧವಾಗಿರಬೇಕು. ಮುಂಬಯಿಯ ಏಕ್ ಟೈಪ್‌ನವರ ‘ಬಾಲೂ ತಮ್ಮ’ ದುಂಡಗೆ, ದಪ್ಪಗೆ ಇದ್ದುಕೊಂಡೇ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಪುಸ್ತಕ, ಲೇಖನಗಳಲ್ಲಿ ಎರಡೂ ಕಣ್ಣಿಗೆ ಭಾರವೇ. ಉದ್ದ ಓದಿಗೆ ಅವು ಹುಟ್ಟಿದ್ದೂ ಅಲ್ಲ. ಆದರೆ ಪೋಸ್ಟರಿಗೆ ಬೇಕಾದ ಒತ್ತು, ದೀರ್ಘ, ಕೊಂಬು ಎಲ್ಲವನ್ನೂ ಯೋಚಿಸಿ ಇಟ್ಟಿರುವ ಕೆಲಸ. ವಿದ್ಯಾರ್ಥಿಯ ಪ್ರಯೋಗ ಇಷ್ಟು ದೂರ ಬರಬೇಕೆಂದು ಕೇಳುವುದು ಅನ್ಯಾಯ. ಈ ದಿಕ್ಕಿಗೆ ಮುಖ ಮಾಡಿದೆಯೇ ಎಂದು ಕೇಳಬಹುದು.

ಸಯನೋಟೈಪಿನ ಕತೆ ಸ್ವಲ್ಪ ಬೇರೆ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಈ ವಿಧಾನದಲ್ಲಿ ಕಬ್ಬಿಣದ ಲವಣ ಹಚ್ಚಿದ ಕಾಗದದ ಮೇಲೆ ವಸ್ತುವನ್ನಿಟ್ಟು ಬಿಸಿಲಿಗೆ ಹಿಡಿದು ನೀರಿನಲ್ಲಿ ತೊಳೆದರೆ ನೀಲಿಯ ನಡುವೆ ಬಿಳಿ ನೆರಳು ಉಳಿಯುತ್ತದೆ. ಮರುವರ್ಷವೇ ಆನಾ ಆಟ್ಕಿನ್ಸ್ ಇದನ್ನು ಬಳಸಿ ಬ್ರಿಟನ್ನಿನ ಪಾಚಿಗಳ ಪುಸ್ತಕ ಹೊರತರಲು ಶುರುಮಾಡಿದರು, ಪ್ರತಿ ಪಾಚಿಗೂ ಹೆಸರಿನ ಸಮೇತ. ನಮ್ಮಲ್ಲಿ ಅದೇ ತಂತ್ರದಿಂದ ಬರುವ ಎಲೆಗಳಿಗೆ ಹೆಸರಿಲ್ಲ. ನೀಲಿ ಹಿನ್ನೆಲೆ, ಬಿಳಿ ಎಲೆ, ಕೆಳಗೆ ನೆನಪು, ಮೌನ ಅಂತೇನಾದರೂ ಶೀರ್ಷಿಕೆ. ಜಯನಗರದ ನಂದಾ ರಸ್ತೆಯಲ್ಲಿ 2009ರಲ್ಲಿ ಮೆಟ್ರೊಗಾಗಿ ಮರ ಕಡಿದಾಗ ಜನ ಬೀದಿಗಿಳಿದು ಪ್ರತಿಭಟಿಸಿದ್ದರು. ಆ ಸಾಲಿನಲ್ಲಿ ಉಳಿದ ಮರಗಳ ಎಲೆಯನ್ನು ಜಾತಿ, ಜಾಗದ ಸಮೇತ ಅಚ್ಚು ಹಾಕಿದರೆ ಅದೇ ತಂತ್ರ, ಅದೇ ಬಿಸಿಲು ಬೇರೆಯದೇ ಮಾತಾಡುತ್ತಿತ್ತು. ಆಷಾಢದ ಮೋಡದಲ್ಲಿ ಎಕ್ಸ್‌ಪೋಶರ್ ಎಷ್ಟು ಹೊತ್ತು ಎಳೆಯುತ್ತದೆ ಎಂಬುದೂ ಆ ಪುಟದಲ್ಲಿ ದಾಖಲಾಗುತ್ತಿತ್ತು.

ಸಾರ್ವಜನಿಕ ಗೋಡೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರಿಂದ 2009ರ ಸುಮಾರಿಗೆ ಬಿಬಿಎಂಪಿ ಊರಿನ ಗೋಡೆಗಳ ಮೇಲೆ ಹಂಪಿ, ಜೋಗ, ಹುಲಿ ಬರೆಸಿತು. ಚಿತ್ರಗಳು ಹಳತಾದವು. ಆದರೂ ಅವರ ಚೌಕಗಳ ಬಳಕೆ ನೆನಪಿಡುವಂಥದ್ದು: ಸಣ್ಣ ಫೋಟೋದ ಮೇಲೆ ಚೌಕ ಎಳೆದು ಅದನ್ನು ಗೋಡೆಯಳತೆಗೆ ಹಿಗ್ಗಿಸುವುದು, ಕೆಲಸ ಮುಗಿದ ಮೇಲೆ ಚೌಕ ಬಣ್ಣದಡಿ ಮುಚ್ಚಿಹೋಗುವುದು. ಈಗಿನ ಪ್ರಾಜೆಕ್ಟುಗಳಲ್ಲಿ ಚೌಕವೇ ಚಿತ್ರ. ‘ದಿ ಅಗ್ಲಿ ಇಂಡಿಯನ್’ ಗುಂಪು ಫ್ಲೈಓವರ್ ಕಂಬಗಳಿಗೆ ಬಳಿದ ತ್ರಿಕೋನಗಳ ಉದ್ದೇಶ ಬೇರೆ, ಕಸ ಸುರಿಯುವುದನ್ನು, ಉಗುಳುವುದನ್ನು ತಡೆಯುವುದು. ಅದನ್ನು ವಿನ್ಯಾಸವೆಂದು ಅಳೆಯಹೋಗುವುದು ತಪ್ಪು ತಕ್ಕಡಿ. ಅದರ ನಕಲು ಮಾಡುವ ವಿದ್ಯಾರ್ಥಿಗಳಿಗೆ ಆ ರಿಯಾಯಿತಿ ಇಲ್ಲ.

ಬೀದಿ ಕಲೆಗೆ ಎಲ್ಲರೂ ಮಾದರಿಯೆಂದು ತೋರಿಸುವುದು ಕಲಾವಿದ ಬಾದಲ್ ನಂಜುಂಡಸ್ವಾಮಿಯವರನ್ನು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತವರು. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆ ಇಳಿಸಿದರು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2ರ ಸುದ್ದಿ ಎಲ್ಲರ ಬಾಯಲ್ಲಿದ್ದಾಗ, ಹೇರೋಹಳ್ಳಿ ಬಳಿಯ ರಸ್ತೆಯಲ್ಲಿ ಗಗನಯಾತ್ರಿಯ ವೇಷದ ನಟನನ್ನು ನಿಧಾನ ನಡಿಗೆಯಲ್ಲಿ ನಡೆಸಿ ವಿಡಿಯೊ ಮಾಡಿದರು. ಈ ಎರಡನೆಯದನ್ನು ನಾನು ಮೇಲಿಡುತ್ತೇನೆ. ಮೊಸಳೆಯನ್ನು ಕೈಯಾರೆ ಮಾಡಬೇಕಿತ್ತು, ಗುಂಡಿಗೆ ಅದು ಹೊರಗಿನಿಂದ ಬಂದದ್ದು. ಚಂದ್ರನನ್ನು ಮಾಡಬೇಕಾಗಿರಲಿಲ್ಲ, ರಸ್ತೆಯೇ ಮಾಡಿಟ್ಟಿತ್ತು. ರಾತ್ರಿ, ಒಂದಿಷ್ಟು ಬೆಳಕು, ಭಾರವಿಲ್ಲದಂತೆ ಎತ್ತಿಡುವ ಹೆಜ್ಜೆ, ನೋಡುವವರು ನಂಬಲು ಇಷ್ಟು ಸಾಕು. ಆಮೇಲೆ ಅದೇ ಚೌಕಟ್ಟಿನೊಳಗೆ ಪಕ್ಕದಿಂದ ಒಂದು ಆಟೊ ಹಾದುಹೋಗುತ್ತದೆ. ಆ ಆಟೊ ಬರುವ ಕ್ಷಣವೇ ಇಡೀ ವಿನ್ಯಾಸ. ಅದನ್ನು ಎಡಿಟಿಂಗಿನಲ್ಲಿ ಕತ್ತರಿಸಿದ್ದರೆ ಚೆಂದದ ಶಾಟು ಉಳಿಯುತ್ತಿತ್ತು, ಕೃತಿ ಹೋಗುತ್ತಿತ್ತು. ವಿಡಿಯೊ ಹಬ್ಬಿದ್ದೇ ಬಿಬಿಎಂಪಿ ಆ ರಸ್ತೆಯ ರಿಪೇರಿಗೆ ಇಳಿಯಿತು. ಇದನ್ನು ಗೆಲುವು ಎಂದು ಎಲ್ಲರೂ ಬರೆದರು. ನನಗೆ ಅಷ್ಟು ಸಮಾಧಾನವಿಲ್ಲ: ಹೆಸರಾದ ಒಂದು ರಸ್ತೆ ಮುಚ್ಚಿಕೊಂಡಿತು, ಚಂದ್ರನ ಹಾಗೆ ಕಾಣದ ಗುಂಡಿಗಳಿಗೆ ಕಲಾವಿದರು ಸಿಗಬೇಕಲ್ಲ. ಆದರೆ ಅದು ಪಾಲಿಕೆಯ ಮೇಲಿನ ದೂರು, ಕೃತಿಯ ಮೇಲಿನದಲ್ಲ.

ಆ ಆಟೊ ವಿದ್ಯಾರ್ಥಿಗಳ ಪ್ರಾಜೆಕ್ಟಿನಲ್ಲಿ ಹಾದುಹೋಗದಂತೆ ನೋಡಿಕೊಳ್ಳುವ ಯಂತ್ರವೊಂದಿದೆ, ಅದರ ಹೆಸರು ಮಾಕಪ್. ಬನಶಂಕರಿಯ ಸಂತೆಗೆಂದು ಮಾಡಿದ ಪೋಸ್ಟರನ್ನು ಸಿದ್ಧ ಚಿತ್ರದೊಳಗಿನ ಬಸ್ ನಿಲ್ದಾಣಕ್ಕೆ ಅಂಟಿಸಿ ತೋರಿಸುತ್ತಾರೆ. ಗಾಜಿನ ಗೋಡೆ, ಒದ್ದೆ ಕಲ್ಲುಹಾಸು, ಹಿಂದೆ ಮಂಜು, ಉಣ್ಣೆಯ ಕೋಟು ತೊಟ್ಟ ಒಬ್ಬ ಬಿಳಿಯ. ನಮ್ಮ ಬಿಎಂಟಿಸಿ ನಿಲ್ದಾಣದಲ್ಲಿ ಆ ಪೋಸ್ಟರಿನ ಮೇಲೆ ಪಿಜಿ, ಟ್ಯೂಷನ್, ಮೂಲವ್ಯಾಧಿಯ ಚೀಟಿಗಳು ಬೀಳುತ್ತವೆ. ಅರ್ಧ ಹರಿದ ಮೇಲೂ ಹೆಸರು ಓದಲು ಬರುತ್ತದೆಯೇ ಎಂಬುದು ಅಲ್ಲಿ ನಿಜವಾದ ಪರೀಕ್ಷೆ. ಮಾಕಪ್ಪಿಗೆ ಅಂಕ ಕೊಡುವ ಜ್ಯೂರಿಯವರೂ ಇದರಲ್ಲಿ ಪಾಲುದಾರರೇ. ನಿಜವಾದ ಗೋಡೆಗೆ ಹಚ್ಚಿದ ಒಂದು ಪ್ರತಿಯ ಫೋಟೋ, ಒಂದು ವಾರದ ನಂತರದ ಫೋಟೋ, ಇಷ್ಟನ್ನು ಕೇಳಲು ಖರ್ಚಿಲ್ಲ.

ಇತ್ತೀಚೆಗೆ ಕಂಡ ಕೆಲಸಗಳಲ್ಲಿ ನನಗೆ ಹಿಡಿಸಿದ್ದು ಒಬ್ಬ ವಿದ್ಯಾರ್ಥಿನಿಯ ಮಾಡ್ಯುಲರ್ ಅಕ್ಷರಮಾಲೆ. ಮೊದಲ ಹಾಳೆಯಲ್ಲಿ ಎಲ್ಲರಂತೆ ಜಯನಗರವೇ, ಎಲ್ಲರಂತೆ ನೀಟಾಗಿಯೇ. ಎರಡನೆಯ ಹಾಳೆಯಲ್ಲಿ ಆಕೆ ಕತ್ರಿಗುಪ್ಪೆಗೆ ಕೈ ಹಾಕಿದ್ದಳು. ಅಲ್ಲಿ ಚೌಕದ ಕೆಳಗೆ ಇನ್ನೊಂದು ಕುಳ್ಳ ಚೌಕ ಸೇರಿಸಿ, ಒತ್ತಿಗೆ ಮೇಲಿನ ಅಕ್ಷರದ ಅರ್ಧದಷ್ಟು ಎತ್ತರ, ಆದರೆ ಅದೇ ದಪ್ಪದ ಗೆರೆ ಕೊಟ್ಟಿದ್ದಳು. ‘ತ್ರಿ’ ಚೆನ್ನಾಗಿ ಕೂತಿತ್ತು, ರಕಾರದ ಬಾಲ ಪಕ್ಕದ ‘ಗು’ವಿನ ಅಡಿಗೆ ಸ್ವಲ್ಪ ನುಗ್ಗಿದ್ದೂ ಚೆಂದವೇ. ‘ಪ್ಪೆ’ಯ ಒತ್ತು ಇಕ್ಕಟ್ಟಾಗಿ ಒಳಗಿನ ಬಿಳಿ ಮುಚ್ಚಿಹೋಗಿತ್ತು, ಗೆರೆಯನ್ನು ಅಲ್ಲಿ ಒಂದಿಷ್ಟು ತೆಳ್ಳಗೆ ಮಾಡದೆ ಗತಿಯಿಲ್ಲ, ಮಾಡಿದರೆ ಒಂದೇ ದಪ್ಪ ಎಂಬ ತನ್ನದೇ ನಿಯಮ ಮುರಿಯುತ್ತದೆ. ಮೂರನೆಯ ಹಾಳೆಯಲ್ಲಿ ಸೌತ್ ಎಂಡ್ ಸರ್ಕಲ್. ‘ರ್ಕ’ದ ಅರ್ಕಾವೊತ್ತು ಕೆಳಕ್ಕೆ ಹೋಗುವುದಿಲ್ಲ, ಬಲಕ್ಕೆ ಬರುತ್ತದೆ, ಅದಕ್ಕೆ ಅರ್ಧ ಚೌಕ ಬೇಕು. ಆಕೆ ಪೂರ್ತಿ ಚೌಕ ಕೊಟ್ಟಿದ್ದಳು, ಹಾಗಾಗಿ ಅದು ಒತ್ತಾಗಿ ಕಾಣದೆ ಒಂಟಿ ಅಕ್ಷರದಂತೆ ನಿಂತು ‘ಸಕ’ಕ್ಕೂ ‘ಲ್’ಗೂ ನಡುವೆ ಬಿರುಕು ಬಿಟ್ಟಿತ್ತು. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಮೂರು ಬೇರೆ ಬೇರೆ ಅರ್ಕಾವೊತ್ತು ಬರೆದು, ಮೂರಕ್ಕೂ ಅಡ್ಡಗೆರೆ ಎಳೆದಿದ್ದಳು.