ಉಪ್ಪುಗಾಳಿಯಲ್ಲಿ ಮೈಕ್ರೋವೇವಿನ ಆಯುಸ್ಸು

ಗೃಹಯಂತ್ರಗಳ ಆಯುಸ್ಸನ್ನು ವರ್ಷಗಳಿಂದ ಅಳೆಯುವುದು ವ್ಯಾಪಾರಿಗಳ ಪದ್ಧತಿ. ಮೈಕ್ರೋವೇವಿಗೆ ಎಂಟೋ ಹತ್ತೋ ವರ್ಷವೆಂದು ಅವರು ಹೇಳುವುದುಂಟು. ಆದರೆ ಕಡಲಿಗೂ ಘಟ್ಟದ ಬುಡಕ್ಕೂ ನಡುವೆ ಹರಡಿರುವ ನಮ್ಮ ಈ ಕಿರಿದಾದ ನೆಲದಲ್ಲಿ, ಒಂದೇ ಅಂಗಡಿಯಿಂದ ಹೊರಟ ಎರಡು ಯಂತ್ರಗಳು ಕಡಲಂಚಿನ ಕಾಪುವಿನಲ್ಲಿ ಒಂದು ಬಗೆಯಾಗಿಯೂ ಘಟ್ಟದ ಕಡೆಯ ಕಾರ್ಕಳದಲ್ಲಿ ಇನ್ನೊಂದು ಬಗೆಯಾಗಿಯೂ ಮುಪ್ಪಾಗುವುದನ್ನು ಕಂಡವರು ಆ ಲೆಕ್ಕವನ್ನು ಅಷ್ಟಾಗಿ ನಂಬಲಾರರು.

ಈ ಯಂತ್ರದಲ್ಲಿ ಅಲೆಗಳನ್ನು ಹುಟ್ಟಿಸತಕ್ಕ ಮ್ಯಾಗ್ನೆಟ್ರಾನ್ 1940ರಲ್ಲಿ ಬರ್ಮಿಂಗ್‌ಹ್ಯಾಮಿನ ಪ್ರಯೋಗಶಾಲೆಯೊಂದರಲ್ಲಿ ಯುದ್ಧದ ರೇಡಾರಿಗೆಂದು ಪಳಗಿದ್ದು, 1945ರ ವೇಳೆಗೆ ಅಮೆರಿಕದ ಪರ್ಸಿ ಸ್ಪೆನ್ಸರನ ಕೈಯಲ್ಲಿ ಪಾಕಶಾಸ್ತ್ರಕ್ಕೆ ಒಗ್ಗಿತು. ಅದರ ದುಡಿಮೆಯನ್ನು ಸಾಮಾನ್ಯವಾಗಿ 2,000 ಗಂಟೆಗಳೆಂದು ಎಣಿಸುವುದುಂಟು. ನಿನ್ನೆಯ ಪತ್ರೊಡೆಯನ್ನೂ ಬೆಳಗಿನ ಹುಳಿಯನ್ನೂ ಬಿಸಿಮಾಡಲು ದಿನಕ್ಕೆ 10 ನಿಮಿಷ ನಡೆಸುವ ಮನೆಯಲ್ಲಿ, ಆ ಗಣಿತದಂತೆ, ಅದು 30 ವರ್ಷಕ್ಕೂ ಮಿಕ್ಕಿ ಬಾಳಬೇಕು. ಬಾಳುವುದಿಲ್ಲವೇಕೆಂದರೆ, ನಮ್ಮಲ್ಲಿ ಒಳಗಿನ ಶಕ್ತಿ ಕುಂದುವುದಕ್ಕೆ ಬಹಳ ಮೊದಲೇ ಒಡಲ ತಗಡು ಕರಗಿಹೋಗುತ್ತದೆ.

ಕಾಪುವಿನ ದೀಪಸ್ತಂಭದ ಆಸುಪಾಸಿನ ಮನೆಗಳಲ್ಲಿ ಕಿಟಕಿಯ ಸರಳು, ಗೇಟಿನ ಕೀಲು, ಫ್ರಿಜ್ಜಿನ ಕಾಲು ಇವೆಲ್ಲವನ್ನೂ ತಿನ್ನುವ ಉಪ್ಪುಗಾಳಿ ಓವನ್ನಿನ ಬೆನ್ನಿನ ಗಾಳಿಕಂಡಿಗಳಲ್ಲಿಯೂ ನುಗ್ಗುತ್ತದೆ. ಒಳಗಡೆ ಬಂಗುಡೆ ಸಾರಿನ ಹಬೆ ಬಣ್ಣದ ಮೇಲೆ ತಂಗಿ, ತಟ್ಟೆ ತಿರುಗುವ ಉರುಳೆಗಳು ಬಣ್ಣವನ್ನು ಸವೆಸಿದ ವರ್ತುಲದಲ್ಲಿ ಮೊದಲ ತುಕ್ಕನ್ನು ಎಬ್ಬಿಸುತ್ತದೆ. ಇದಕ್ಕೆ ನಿವಾರಣೋಪಾಯವು ತೀರ ಸರಳವಾದದ್ದು: ಕೆಲಸ ಮುಗಿದೊಡನೆ ಒಣಬಟ್ಟೆಯಿಂದ ಒರೆಸಿ, ಹಬೆ ಆರುವವರೆಗೆ ಬಾಗಿಲನ್ನು ತೆರೆದಿಡುವುದು. ನಮ್ಮವರು ಮಾಡುವುದಾದರೋ ಇದಕ್ಕೆ ವಿಪರೀತ. ಬಾಗಿಲನ್ನು ಬಿಗಿಯಾಗಿ ಮುಚ್ಚಿ, ಗೋಡೆಗೆ ಒತ್ತಿದ ಕಡಪ ಕಲ್ಲಿನ ಶೆಲ್ಫಿನಲ್ಲಿ ನೂಕಿ, ಮೇಲೆ ಕ್ರೋಶದ ಬಟ್ಟೆಯನ್ನು ಹೊದಿಸಿ, ಅದರ ಮೇಲೊಂದು ಹೂದಾನಿಯನ್ನೂ ಪ್ರತಿಷ್ಠಾಪಿಸುತ್ತಾರೆ! ಆ ಬಟ್ಟೆ ಗಾಳಿಯನ್ನು ತಡೆದು ತೇವವನ್ನು ಹಿಡಿದಿಡುತ್ತದೆಯಲ್ಲದೆ, ಆಷಾಢದಲ್ಲಿ ಬೆಚ್ಚಗಿನ ಎಡೆಯನ್ನು ಅರಸುವ ಜಿರಳೆಗೂ ಹಲ್ಲಿಗೂ ಆಶ್ರಯವಾಗುತ್ತದೆ. ಗುಂಡಿಗಳ ಹಿಂದಿನ ಸರ್ಕ್ಯೂಟ್ ಬೋರ್ಡುಗಳು ಸುಟ್ಟುಹೋಗುವುದಕ್ಕೆ ಈ ಅತಿಥಿಗಳೂ ಒಂದು ಕಾರಣ.

ಶುಚಿಗೊಳಿಸುವಾಗ ತೆಂಗಿನ ನಾರನ್ನಾಗಲಿ ಸ್ಟೀಲ್ ಸ್ಕ್ರಬ್ಬರನ್ನಾಗಲಿ ಮುಟ್ಟತಕ್ಕದ್ದಲ್ಲ. ಬೋಗುಣಿಯೊಂದರಲ್ಲಿ ನೀರು, ನಿಂಬೆಯ ಹೋಳು ಮತ್ತು ಒಂದು ಮರದ ಚಮಚವನ್ನಿರಿಸಿ ಮೂರು ನಾಲ್ಕು ನಿಮಿಷ ಕಾಯಿಸಿ, ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟರೆ, ಅಂಟಿದ ಜಿಡ್ಡೆಲ್ಲ ಮೆತ್ತಗಾಗಿ ಬಟ್ಟೆಗೆ ಬರುತ್ತದೆ. ಚಮಚವಿಲ್ಲದ ನುಣುಪು ಪಾತ್ರೆಯಲ್ಲಿ ನೀರು ಕುದಿಯದೆಯೇ ಕುದಿಬಿಂದುವನ್ನು ದಾಟಿ, ಅಲುಗಿಸಿದೊಡನೆ ಸಿಡಿಯುವುದುಂಟು.

ಒಳಗೆ ಕಿಡಿ ಹಾರಿದುದನ್ನು ಕಂಡೊಡನೆ ಯಂತ್ರಕ್ಕೆ ತಿಲಾಂಜಲಿ ಕೊಡುವವರ ಅವಸರ ನನಗೆ ಒಪ್ಪಿಗೆಯಿಲ್ಲ. ಅನೇಕ ವೇಳೆ ಅಪರಾಧಿ, ಬಲಗೋಡೆಯಲ್ಲಿ ಅಲೆಗಳು ಒಳಬರುವ ಕಿಂಡಿಗೆ ಮುಚ್ಚಿರುವ ಅಭ್ರಕದ ಹಾಳೆ. ಅದರ ಮೇಲೆ ಹಾರಿದ ಎಣ್ಣೆ ಸುಟ್ಟು ಇದ್ದಲಾಗಿ ಕಿಡಿಯನ್ನು ಸೆಳೆಯುತ್ತದೆ. ಕತ್ತರಿಯಿಂದ ಅಳತೆಗೆ ಕತ್ತರಿಸಿ ಕೂರಿಸುವ ಹೊಸ ಹಾಳೆಗೆ ತಗಲುವ ವೆಚ್ಚ ಅತ್ಯಲ್ಪ. ದೀಪ, ಫ್ಯೂಸು, ತಟ್ಟೆಯ ಮೋಟಾರು, ಬಾಗಿಲಿನ ಸ್ವಿಚ್ಚು ಇವೂ ಅಂಥವೇ. ಆದರೆ ಹೊರಕವಚವನ್ನು ಬಿಚ್ಚುವ ಸಾಹಸ ಮಾತ್ರ ಗೃಹಸ್ಥರಿಗೆ ಸಲ್ಲದು: ಕೆಪಾಸಿಟರು ಪ್ಲಗ್ ತೆಗೆದ ಮೇಲೂ ಪ್ರಾಣಾಂತಕವಾದ ವಿದ್ಯುತ್ತನ್ನು ಹಿಡಿದಿಟ್ಟಿರಬಲ್ಲದು.

ಮಣಿಪಾಲದ ವಿದ್ಯಾರ್ಥಿಗಳ ಬಾಡಿಗೆ ಮನೆಗಳಲ್ಲಿ ಓವನ್ನು ಅಕಾಲಮರಣಕ್ಕೆ ತುತ್ತಾಗುವುದು ಬೇರೆ ವಿಧದಿಂದ. ಖಾಲಿ ಓಡಿಸುವುದರಿಂದ ಹೀರುವ ಪದಾರ್ಥವಿಲ್ಲದೆ ಅಲೆಗಳು ಮ್ಯಾಗ್ನೆಟ್ರಾನಿಗೇ ಮರಳಿ ಅದನ್ನು ಕಾಯಿಸುತ್ತವೆ. ಒಂದೇ ಹಲಸಿನ ಹಪ್ಪಳವನ್ನು ಸುಡುವಾಗಲೂ ಮೂಲೆಯಲ್ಲಿ ಅರ್ಧ ಲೋಟ ನೀರನ್ನಿಡುವುದು ಲೇಸು. ಕಾರ್ಕಳದ ಕಡೆ ಭಯವೆಲ್ಲ ಸಿಡಿಲಿನದು, ಗುಡುಗು ಕೇಳಿಸಿದೊಡನೆ ಪ್ಲಗ್ಗನ್ನು ಕಿತ್ತಿಡುವುದಕ್ಕಿಂತ ಉತ್ತಮವಾದ ರಕ್ಷೆಯಿಲ್ಲ.

ಯಂತ್ರ ಸೋತಿದೆಯೇ ಎಂಬ ಸಂದೇಹಕ್ಕೆ ಒಂದು ಲೀಟರು ನೀರೇ ನಿರ್ಣಾಯಕ. ಥರ್ಮಾಮೀಟರಿನಿಂದ ಅದರ ಉಷ್ಣತೆಯನ್ನು ಅಳೆದು, ಪೂರ್ಣ ಶಕ್ತಿಯಲ್ಲಿ ಒಂದು ನಿಮಿಷ ಕಾಯಿಸಿ, ಕಲಕಿ ಮತ್ತೆ ಅಳೆಯಿರಿ. ಏರಿದ ಡಿಗ್ರಿಗಳನ್ನು 70ರಿಂದ ಗುಣಿಸಿದರೆ ಹೆಚ್ಚುಕಡಿಮೆ ವಾಟುಗಳು ದೊರೆಯುತ್ತವೆ. 800 ವಾಟಿನದು ಹನ್ನೊಂದು ಡಿಗ್ರಿಯಷ್ಟನ್ನಾದರೂ ಏರಿಸಬೇಕು. ಏಳನ್ನೂ ಮುಟ್ಟದಿದ್ದರೆ ಮ್ಯಾಗ್ನೆಟ್ರಾನ್ ಬಳಲಿದೆಯೆಂದು ತಿಳಿಯಬಹುದು. ವೋಲ್ಟೇಜು ಕುಗ್ಗಿದ ಸಂಜೆಯಲ್ಲಿ ಈ ಪರೀಕ್ಷೆಯನ್ನು ಮಾಡುವುದು ಅನ್ಯಾಯ. ಮೊಬೈಲನ್ನು ಒಳಗಿಟ್ಟು ರಿಂಗಾದರೆ ಅಲೆ ಸೋರುತ್ತಿದೆಯೆನ್ನುವ ಜನಪ್ರಿಯ ಪರೀಕ್ಷೆಯಂತೂ ನಿಷ್ಪ್ರಯೋಜಕ: ಬಾಗಿಲಿನ ತಡೆ ಕಟ್ಟಲ್ಪಟ್ಟಿರುವುದು 2.45 ಗಿಗಾಹರ್ಟ್ಸ್ ಅಲೆಗೆ, ಮೊಬೈಲು ಕೇಳುವ ಅಲೆಗಳು ಬೇರೆ, ಮತ್ತು ಅತ್ಯಲ್ಪ ಸಂಕೇತವೂ ಅದಕ್ಕೆ ಸಾಕಾಗುತ್ತದೆ.

ಬಾಗಿಲು ವಕ್ರವಾಗಿದ್ದರೆ, ಕೀಲು ಸಡಿಲಿದ್ದರೆ, ಜಾಲರಿ ಹರಿದಿದ್ದರೆ, ಒಳಗೋಡೆಯನ್ನು ತುಕ್ಕು ತೂತುಮಾಡಿದ್ದರೆ ಇನ್ನು ವಿಚಾರಣೆಯ ಅಗತ್ಯವಿಲ್ಲ. ನೀರು ಎಷ್ಟೇ ಚೆನ್ನಾಗಿ ಕಾದರೂ ಅದು ಅಡುಗೆಮನೆಯಲ್ಲಿ ಇರಲು ಅನರ್ಹ. ಮ್ಯಾಗ್ನೆಟ್ರಾನೋ ಬೋರ್ಡೋ ಕೆಟ್ಟು, ರಿಪೇರಿಗೆ ಹೊಸದರ ಅರ್ಧ ಬೆಲೆ ತಗಲುವಂತಿದ್ದರೆ, ಕಾಪುವಿನಲ್ಲಾದರೆ ನಾನು ಬಿಟ್ಟುಬಿಡುತ್ತೇನೆ, ಕಾರ್ಕಳದಲ್ಲಾದರೆ ತಗಡು ಗಟ್ಟಿಯಿದೆಯೇ ಎಂದು ನೋಡಿ ಒಪ್ಪುತ್ತೇನೆ. ಹಳೆಯದನ್ನು ತಾಮ್ರದಾಸೆಗೆ ಒಡೆಯುವ ಗುಜರಿಗೆ ಹಾಕದೆ, 2023ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತರಾದವರಿಗೆ ಒಪ್ಪಿಸಬೇಕು; ಹೊಸದನ್ನು ಕೊಳ್ಳುವಾಗ ಕರಾವಳಿಯವರು ಗುಂಡಿಗಳ ಸಂಖ್ಯೆಯನ್ನು ಎಣಿಸುತ್ತ ನಿಲ್ಲದೆ, ಬಾಗಿಲನ್ನು ತೆರೆಸಿ, ಒಡಲು ಬಣ್ಣ ಬಳಿದ ತಗಡಿನದೋ ಸ್ಟೇನ್‌ಲೆಸ್ ಸ್ಟೀಲಿನದೋ ಎಂದು ಮೊದಲು ಕೇಳುವುದೊಳ್ಳೆಯದು.